ಕುದುರೆ ನೋಡಲು ಅನುಮತಿ ಕೋರಿ

ಕುದುರೆ ಓಡುವುದನ್ನು ನೋಡಲು ಸರ್ಕಾರದ ಅನುಮತಿ ಬೇಕೆಂದು ಇಡೀ ದೆಹಲಿಯಲ್ಲಿ ನಂಬಿದ್ದವರು ಸೂರ್ಯನಾರಾಯಣ ಒಬ್ಬರೇ ಇರಬೇಕು. ಸಚಿವಾಲಯವೊಂದರಲ್ಲಿ ಅವರು ಸೆಕ್ಷನ್ ಆಫೀಸರ್. ಹೆಂಡತಿ ಜಲಜಾ "ಒಂದ್ಸಲ ರೇಸಿಗೆ ಹೋಗೋಣ" ಎಂದ ಮರುದಿನವೇ ಅರ್ಜಿ ಬರೆದರು: ಪತ್ನಿಯೊಂದಿಗೆ ಕುದುರೆ ಪಂದ್ಯ ವೀಕ್ಷಿಸಲು, ವೀಕ್ಷಿಸಲು ಮಾತ್ರ, ಅನುಮತಿ ಕೋರಿ.

ಅರ್ಜಿ ಮೇಲಧಿಕಾರಿ ಬಸವಲಿಂಗಪ್ಪನವರ ಮೇಜಿಗೆ ಹೋಯಿತು. 'ನಿಯಮ ಪರಿಶೀಲಿಸಿ' ಎಂದು ಬರೆದು ಅವರು ಕೆಳಕ್ಕೆ ಕಳಿಸಿದರು. ಪರಿಶೀಲಿಸಬೇಕಾದವರೂ ಸೂರ್ಯನಾರಾಯಣರೇ. ಯಾವ ನಿಯಮವೂ ಅಡ್ಡ ಬರುವುದಿಲ್ಲವೆಂದು ಟಿಪ್ಪಣಿ ಬರೆದು ಮತ್ತೆ ಮೇಲಕ್ಕೆ ಕಳಿಸಿದರು. ಈ ಸಲ 'ಚರ್ಚಿಸಿ' ಎಂದು ಬಂತು. ಚರ್ಚಿಸಲು ಸಾಹೇಬರು ಕೈಗೇ ಸಿಗಲಿಲ್ಲ. ಹೀಗೆ ಎರಡು ಚಳಿಗಾಲ ಕಳೆದು 2006ರ ಫೆಬ್ರವರಿ ಬಂತು. ತಿಂಗಳ ಕೊನೆಗೆ ಸೂರ್ಯನಾರಾಯಣರ ನಿವೃತ್ತಿ, ಆಮೇಲೆ ಲೋಧಿ ಕಾಲೋನಿಯ ಕ್ವಾರ್ಟರ್ಸ್ ಬಿಟ್ಟು ಮೈಸೂರಿಗೆ.

ಜಲಜಾ ಇಪ್ಪತ್ತೆರಡು ವರ್ಷ ಬಸ್ಸಿನ ಕಿಟಕಿಯಿಂದ ರೇಸ್ ಕೋರ್ಸಿನ ಗೋಡೆಯನ್ನಷ್ಟೇ ನೋಡಿದ್ದಳು. ಒಳಗಿಂದ ಒಮ್ಮೊಮ್ಮೆ ಸಾವಿರ ಜನ ಒಟ್ಟಿಗೆ ಕೂಗಿದ್ದು ಕೇಳಿಸುತ್ತಿತ್ತು, ಅಷ್ಟರಲ್ಲಿ ಬಸ್ಸು ಮುಂದೆ ಹೋಗಿರುತ್ತಿತ್ತು. ಅಲ್ಲೇನು ನಡೆಯುತ್ತದೆಂಬ ಕುತೂಹಲ ಒಂದು. ಅದಕ್ಕಿಂತ ದೊಡ್ಡ ಆಸೆ ಇನ್ನೊಂದು. ಗಂಡ ಅವಳ ಜೊತೆ ದೇವಸ್ಥಾನಕ್ಕೆ ಬಂದಿದ್ದರು, ಆಸ್ಪತ್ರೆಗೆ ಬಂದಿದ್ದರು, ಮದುವೆಮನೆಗಳಿಗೆ ಬಂದಿದ್ದರು. ಬರೀ ಖುಷಿಗೆಂದು, ಚೆನ್ನಾಗಿ ಉಟ್ಟು ತೊಟ್ಟು, ಹಾಡಹಗಲಲ್ಲಿ ಪಕ್ಕದಲ್ಲಿ ನಿಂತದ್ದು ಒಂದು ದಿನವೂ ಇಲ್ಲ. ಈ ತಿಂಗಳು ತಪ್ಪಿದರೆ ಅದು ತಪ್ಪಿದಂತೆಯೇ.

"ಅನುಮತಿ ಬರಲಿ ಬಿಡಲಿ, ನಾಳೆ ನಾನು ಹೋಗ್ತೀನಿ" ಎಂದಳು. "ಬರೋದಾದ್ರೆ ರಜೆ ಹಾಕಿ, ಸೂಟ್ ಹಾಕ್ಕೊಳ್ಳಿ."

ಸೂರ್ಯನಾರಾಯಣ 'ಕೌಟುಂಬಿಕ ಕಾರಣ' ಎಂದು ರಜೆ ಬರೆದು, ಮಗಳ ಮದುವೆಗೆ ಹೊಲಿಸಿದ್ದ ಸೂಟ್ ತೊಟ್ಟರು. ನುಸಿಗುಳಿಗೆಯ ವಾಸನೆ ಹೋಗಲೆಂದು ಸುರಿದುಕೊಂಡ ಸೆಂಟು ಆಟೋದವನಿಗೂ ಸೀನು ತರಿಸಿತು. ಜಲಜಾ ನವಿಲು ಬಣ್ಣದ ಮೈಸೂರು ರೇಷ್ಮೆ ಉಟ್ಟು, ಸರೋಜಿನಿ ಮಾರ್ಕೆಟ್ಟಿನಲ್ಲಿ ಚೌಕಾಸಿ ಮಾಡಿ ತಂದ ರಿಬ್ಬನ್ನಿನ ಟೋಪಿ ಇಟ್ಟುಕೊಂಡಿದ್ದಳು. ಟೋಪಿ ಕೂರಲೆಂದು ತುರುಬನ್ನು ಬಿಚ್ಚಿ ಜಡೆ ಹಾಕಿದ್ದಳು. ಸೀರೆಯ ಮೇಲೆ ಟೋಪಿಯೇ ಎಂದು ಮೂಗು ಮುರಿಯುವವರು ಮುರಿಯಲಿ, ಅವಳಿಗೆ ಒಪ್ಪುತ್ತಿತ್ತು.

ಒಳಗೆ, ಓಟಕ್ಕೆ ಮುಂಚೆ ಕುದುರೆಗಳನ್ನು ಸುತ್ತು ಹಾಕಿಸುವ ಅಂಗಳವಿತ್ತು. ಜಲಜಾ ಕಟಕಟೆ ಹಿಡಿದು ನಿಂತವಳು ಕದಲಲಿಲ್ಲ. ಬಿಸಿಲಿಗೆ ಕುದುರೆಗಳ ಮೈ ಎಣ್ಣೆ ಹಚ್ಚಿದಂತೆ ಹೊಳೆಯುತ್ತಿತ್ತು. ಜಾಕಿಗಳು ಇಷ್ಟು ಕುಳ್ಳಗಿರುತ್ತಾರೆಂದು ಅವಳು ಎಣಿಸಿರಲಿಲ್ಲ. ಅದನ್ನೇ ಹೇಳೋಣವೆಂದು ತಿರುಗಿದಾಗ ಗಂಡನ ಮುಖ ಬಿಳಿಚಿಕೊಂಡಿತ್ತು.

"ಸಾಹೇಬರು" ಎಂದರು. ಮರುಕ್ಷಣ ದೊಡ್ಡದೊಂದು ಕಂಬದ ಹಿಂದೆ ಮರೆಯಾದರು.

ಕತ್ತಿನಲ್ಲಿ ದುರ್ಬೀನು, ಕಂಕುಳಲ್ಲಿ ರೇಸ್ ಪುಸ್ತಕ ಇಟ್ಟುಕೊಂಡು ಅಲ್ಲಿ ನಿಂತಿದ್ದವರು ಬಸವಲಿಂಗಪ್ಪನವರೇ. ಆ ಹೊತ್ತಿಗೆ ಅವರು ಮೀಟಿಂಗಿನಲ್ಲಿ ಇರಬೇಕಾಗಿತ್ತು. ಜಲಜಾಗೆ ಗಂಡನ ಮೇಲೆ ಮೈಯೆಲ್ಲ ಉರಿಯಿತು. ಆದರೆ ಕೇಳಿ ತಿಳಿಯಬೇಕಾದದ್ದು ಬೇಕಾದಷ್ಟಿತ್ತು, ಬಲ್ಲವರು ಎದುರಿಗೇ ಇದ್ದರು.

"ನಮಸ್ಕಾರ ಸರ್. ಕುದುರೆ ಕಣ್ಣಿನ ಪಕ್ಕ ಅದೇನೋ ಕಟ್ಟಿದಾರಲ್ಲ, ಯಾಕೆ?"

ಕರ್ನಾಟಕದವರ ಸಮಾರಂಭಗಳಲ್ಲಿ ಅವಳನ್ನು ನೋಡಿದ್ದ ಸಾಹೇಬರು ಬೆಚ್ಚಿದರು. "ಸೂರ್ಯನಾರಾಯಣ್ ಅವರ ಮನೆಯವರಲ್ವಾ? ಅವರು ಬರಲಿಲ್ವಾ?"

"ಅನುಮತಿ ಎಲ್ಲಿ ಬಂತು ಸರ್."

ಸಾಹೇಬರ ಕಿವಿ ಕೆಂಪಾಯಿತು. ಅಕ್ಕಪಕ್ಕ ನೋಡಿ ಬೆದರಬಾರದೆಂದು ಕಣ್ಣಿಗೆ ಹಾಗೆ ಕಟ್ಟುತ್ತಾರೆಂದು ವಿವರಿಸಿದರು. ಬೆವರಿದ ಕುದುರೆಯನ್ನು ನಂಬಬಾರದು, ನಡಿಗೆ ಸಡಿಲವಾಗಿರುವುದನ್ನು ನೋಡಬೇಕು ಎಂದರು. ವಾರವಾರ ಬರುವವರಿಗಷ್ಟೇ ಗೊತ್ತಿರುವ ವಿಷಯಗಳು.

ಎಲ್ಲರ ಜೊತೆ ಜಲಜಾ ಮೈದಾನದ ಅಂಚಿನ ಕಟಕಟೆಗೆ ಬಂದಳು. ಓಟ ಶುರುವಾಯಿತು. ಮೊದಲು ದೂರದಲ್ಲಿ ಬಣ್ಣದ ಚುಕ್ಕಿಗಳು, ಆಮೇಲೆ ಚಪ್ಪಲಿಯ ಕೆಳಗಿನ ನೆಲವೇ ನಡುಗಿತು. ಬೂದು ಬಣ್ಣದ ಕುದುರೆಯೊಂದು ಎಲ್ಲಿತ್ತೋ ಏನೋ, ಕೊನೆಯ ಗಳಿಗೆಯಲ್ಲಿ ಕತ್ತು ಚಾಚಿ ಎಲ್ಲವನ್ನೂ ದಾಟಿತು. ಜಲಜಾ ಅಭ್ಯಾಸಬಲದಿಂದ ಪಕ್ಕಕ್ಕೆ ಕೈ ಚಾಚಿದಳು. ಅಲ್ಲಿ ಯಾರೋ ಸರ್ದಾರ್ಜಿ ನಿಂತಿದ್ದರು. ಅವಳಿಗೆ ಅಳು ಬರುವಂತಾಯಿತು.

ಕಂಬದ ಹಿಂದೆ ಸೂರ್ಯನಾರಾಯಣ ಮೈದಾನಕ್ಕೆ ಬೆನ್ನು ಹಾಕಿ ನಿಂತಿದ್ದರು.

"ಯಾವುದು ಬಂತು?" ಎಂದರು.

"ನೀವು ನೋಡಲೇ ಇಲ್ವಾ?"

"ಸದ್ದು ಕೇಳಿಸ್ತು. ಹೇಗಿತ್ತು ಹೇಳು ಜಲಜಾ."

ಆ ದನಿಯಲ್ಲಿದ್ದ ಆಸೆಗೆ ಅವಳ ಸಿಟ್ಟು ಅರ್ಧ ಇಳಿದುಹೋಯಿತು. ಮೂವತ್ತು ಹೆಜ್ಜೆಯ ಆಚೆ ನಡೆದದ್ದನ್ನೂ ಈ ಮನುಷ್ಯ ವರದಿ ತರಿಸಿಕೊಂಡೇ ತಿಳಿಯಬೇಕೇ.

"ಹೇಳೋದಿಲ್ಲ. ಇನ್ನೊಂದು ರೇಸ್ ಇದೆ, ಬಂದು ನೋಡಿ."

"ರಿಟೈರ್ ಆಗೋಕೆ ಹತ್ತೊಂಬತ್ತು ದಿನ ಇದೆ ಕಣೆ. ಈಗ ಯಾಕೆ ಸಾಹೇಬರ ಕೈಲಿ ಮಾತು ಕೇಳೋದು?"

"ಆ ಹತ್ತೊಂಬತ್ತು ದಿನ ಆದ್ಮೇಲೆ ನಾವು ಇಲ್ಲಿರೋದಿಲ್ಲ" ಎಂದು ಅವಳು ಹೊರಟಳು. ತಿರುಗಿ ನೋಡಲಿಲ್ಲ.

ಕುದುರೆಗಳು ಸಾಲಾಗಿ ಮೈದಾನಕ್ಕೆ ಇಳಿಯುವಾಗ ಗಾಳಿಯಲ್ಲಿ ಸೆಂಟಿನ ವಾಸನೆ ಬಂತು. ಸೂರ್ಯನಾರಾಯಣ ಬಂದು ಅವಳ ಬಲಕ್ಕೆ ನಿಂತರು. ಅವಳ ಎಡಕ್ಕೆ ಸಾಹೇಬರು. ಇಬ್ಬರೂ ಅವಳ ಟೋಪಿಯ ಮೇಲಿಂದ ಒಬ್ಬರನ್ನೊಬ್ಬರು ನೋಡಿದರು.

"ನಮಸ್ಕಾರ ಸರ್."

ಬಸವಲಿಂಗಪ್ಪ ಗಂಟಲು ಸರಿಮಾಡಿಕೊಂಡರು. "ಚರ್ಚಿಸಿ ಅಂತ ಬರೆದಿದ್ದೆ, ಅಲ್ವಾ?"

"ಹೌದು ಸರ್."

"ಚರ್ಚಿಸಲಾಯಿತು ಅಂತ ಬರ್ಕೊಳ್ಳಿ."

ಕುದುರೆಗಳು ಹೊರಟವು. ಸೂರ್ಯನಾರಾಯಣ ಮೊದಲು ಕೈಕಟ್ಟಿ ನಿಂತಿದ್ದರು. ಕುದುರೆಗಳು ತಿರುವಿಗೆ ಬಂದಾಗ ಕೈ ಬಿಚ್ಚಿದರು. ಸದ್ದು ಹತ್ತಿರ ಬಂದಂತೆ ತುದಿಗಾಲಲ್ಲಿ ನಿಂತು, ಕಟಕಟೆಯಿಂದಾಚೆ ಬಾಗಿ, ಹೆಂಡತಿಯ ಮೊಣಕೈಯನ್ನು ನೋಯುವಷ್ಟು ಗಟ್ಟಿಯಾಗಿ ಹಿಡಿದುಕೊಂಡರು. ಸಾಹೇಬರು ಪಕ್ಕದಲ್ಲಿದ್ದಾರೆಂಬುದು ಅವರಿಗೆ ಮರೆತೇಹೋಗಿತ್ತು.

ಆ ರೇಸಿನಲ್ಲಿ ಯಾವ ಕುದುರೆ ಗೆದ್ದಿತೋ ಜಲಜಾ ಕಾಣಳು. ಅವಳು ಗಂಡನ ಮುಖ ನೋಡುತ್ತಿದ್ದಳು.