ಡಬ್ಬಿಯ ಕೆಳಗಿನ ಡಬ್ಬಿ

ಆ ಮನೆಯ ಅಜ್ಜಿ ಯಾವ ಡಬ್ಬಿಯನ್ನೂ ಎಸೆದವರಲ್ಲ. ಎಣ್ಣೆ ಕ್ಯಾನು ಖಾಲಿಯಾದರೆ ಅದರ ತಲೆ ಕತ್ತರಿಸಿ, ಕಾಸಿದ ಮೊಳೆಯಿಂದ ತಳಕ್ಕೆ ನಾಲ್ಕು ತೂತು ಮಾಡಿ, ಮಣ್ಣು ತುಂಬಿ ಗಿಡ ನೆಡುತ್ತಿದ್ದರು. ಮಹಡಿಯ ಬಾಲ್ಕನಿಯಲ್ಲಿ ಹಾಗೆ ಇಪ್ಪತ್ತೆರಡು ಗಿಡಗಳು ಬೆಳೆದಿದ್ದವು. ಟೊಮೆಟೊ, ಮೆಣಸಿನಕಾಯಿ, ಪುದೀನ, ಎರಡು ಗುಲಾಬಿ.

ಕೆಳಗೆ ಇಸ್ತ್ರಿ ಅಂಗಡಿ. ಗಿಡಕ್ಕೆ ಹಾಕಿದ ನೀರು ತೂತಿನಿಂದ ಇಳಿದು ಅಂಗಡಿಯ ಬಟ್ಟೆಗಳ ಮೇಲೆ ಬೀಳುತ್ತಿತ್ತು. ಒಂದು ದಿನ ಇಸ್ತ್ರಿಯವನು ಕಲೆಯಾದ ಬಿಳಿ ಅಂಗಿಯನ್ನು ಹಿಡಿದು ಮೆಟ್ಟಿಲು ಹತ್ತಿ ಬಂದ.

"ಅಜ್ಜಿ, ನಿಮ್ಮ ಟೊಮೆಟೊ ಗಿಡಕ್ಕೆ ಸ್ವಲ್ಪ ಬುದ್ಧಿ ಹೇಳಿ. ಗಿರಾಕಿ ಅಂಗಿ ಮೇಲೇ ಉಚ್ಚೆ ಹೊಯ್ತಿದೆ."

ಅಜ್ಜಿ ನಕ್ಕರು, ಆದರೆ ನಾಚಿಕೆಯಾಯಿತು. ಆ ಅಂಗಿಯನ್ನು ತಾವೇ ಒಗೆದುಕೊಟ್ಟರು. ಮರುದಿನ ಹಳೆಯ ಪೇಂಟ್ ಬಕೆಟ್ಟು, ಐಸ್‌ಕ್ರೀಂ ಡಬ್ಬಿಗಳನ್ನು ಕೂಡಿಹಾಕಿ, ಒಂದೊಂದು ಗಿಡವನ್ನೂ ತೂತಿಲ್ಲದ ಇನ್ನೊಂದು ಡಬ್ಬಿಯೊಳಗೆ ಇಟ್ಟರು. ಅಂಗಡಿಯ ಮೇಲೆ ಹನಿ ಬೀಳುವುದು ನಿಂತಿತು. ಡಬ್ಬಿಯ ಕೆಳಗಿನ ಡಬ್ಬಿಯಲ್ಲಿ ಎರಡು ಬೆರಳಿನಷ್ಟು ನೀರು ಸದಾ ಇರತೊಡಗಿತು. ಅದನ್ನು ಯಾರೂ ಬಗ್ಗಿ ನೋಡಲಿಲ್ಲ.

ಒಂದೆರಡು ತಿಂಗಳಲ್ಲಿ ಅಜ್ಜಿಗೆ ಜ್ವರ ಬಂತು. ಮೈಕೈಯೆಲ್ಲ ಮುರಿದಂತೆ ನೋವು, ಕಣ್ಣಿನ ಹಿಂದೆ ಕುಟ್ಟಿದಂತೆ ನೋವು. ನಾಲ್ಕನೆಯ ದಿನ ಜ್ವರ ಬಿಟ್ಟಿತು. ಮನೆಯವರು ದೇವರಿಗೆ ಕೈಮುಗಿದು ನಿಟ್ಟುಸಿರು ಬಿಟ್ಟರು. ಆದರೆ ಜ್ವರ ಬಿಟ್ಟ ಮೇಲೆಯೇ ಹೊಟ್ಟೆನೋವು, ವಾಂತಿ ಹಿಡಿಯಿತು. ಒಸಡಿನಲ್ಲಿ ರಕ್ತ ಕಾಣಿಸಿತು. ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ತಡವಾಗಿತ್ತು. ಡೆಂಗ್ಯೂ ಎಂದರು ವೈದ್ಯರು. ಐವತ್ತೊಂದು ವರ್ಷದ ದಾಂಪತ್ಯ ಆರು ದಿನದಲ್ಲಿ ಮುಗಿಯಿತು.

ತಾತ ಪುಸ್ತಕ ಕಟ್ಟುವ ಕೆಲಸದವರು. ಅಂದಿನಿಂದ ಸೂಜಿ, ದಾರ, ಅಂಟು ಯಾವುದನ್ನೂ ಮುಟ್ಟಲಿಲ್ಲ. ಬೆಳಿಗ್ಗೆ ಎದ್ದು ಪ್ರಾರ್ಥನೆ ಮಾಡುವುದು, ಗಿಡಕ್ಕೆ ನೀರು ಹಾಕುವುದು, ಅವರಿಗೆ ಉಳಿದದ್ದು ಇಷ್ಟೇ. ಡಬ್ಬಿಗಳು ಹೆಂಡತಿ ಇಟ್ಟ ಜಾಗದಿಂದ ಒಂದು ಅಂಗುಲವೂ ಕದಲುವಂತಿರಲಿಲ್ಲ.

ತಿಂಗಳು ಕಳೆಯುವುದರೊಳಗೆ ಇಸ್ತ್ರಿಯವನ ಎಂಟು ವರ್ಷದ ಮಗಳು ಜ್ವರದಿಂದ ಮಲಗಿದಳು. ಆ ಬೀದಿಯ ಆರೋಗ್ಯ ಕಾರ್ಯಕರ್ತೆಯನ್ನು ಎಲ್ಲರೂ ನರ್ಸಮ್ಮ ಎನ್ನುತ್ತಿದ್ದರು. ಅವಳು ಮಗುವನ್ನು ನೋಡಿ, ನೇರವಾಗಿ ಮಹಡಿಗೆ ಬಂದಳು.

"ತಾತ, ಗಿಡ ನೋಡಬಹುದಾ?"

"ನೋಡಮ್ಮ. ಮುಟ್ಟಬೇಡ. ನನ್ನ ಹೆಂಡತಿ ಇಟ್ಟಿದ್ದು."

"ಕೆಳಗಡೆ ಮಗೂಗೆ ಎರಡು ದಿನದಿಂದ ಜ್ವರ. ರಕ್ತ ಪರೀಕ್ಷೇಲಿ ಡೆಂಗ್ಯೂ ಅಂತ ಬಂದಿದೆ."

"ದೇವರು ಕಾಪಾಡಲಿ. ನಮ್ಮ ಕೈಯಲ್ಲಿ ಏನಿದೆ? ಇವಳಿಗೂ ಆಯುಸ್ಸು ಅಷ್ಟೇ ಇತ್ತು. ಸೊಳ್ಳೆ ಹುಟ್ಟೋದು ಚರಂಡೀಲಿ, ಹೋಗಿ ಅಲ್ಲಿ ನೋಡು."

"ಚರಂಡಿ ಸೊಳ್ಳೆ ಬೇರೆ ತಾತ. ಇದು ದೊಡ್ಡ ಮನೆತನದ್ದು, ತಿಳಿನೀರೇ ಆಗಬೇಕು. ಕಚ್ಚೋದೂ ಹಾಡುಹಗಲಲ್ಲೇ."

ಬಾಗಿಲಲ್ಲಿ ನಿಂತಿದ್ದ ಸೊಸೆ ಮೆಲ್ಲಗೆ ಹೇಳಿದಳು: "ನಾನು ಒಂದ್ಸಲ ಕೆಳಗಿನ ಡಬ್ಬಿ ನೀರು ಚೆಲ್ಲಿದ್ದೆ. ಮಾವ ಎರಡು ದಿನ ನನ್ನ ಹತ್ರ ಮಾತಾಡ್ಲಿಲ್ಲ."

"ನಾನೂ ಮುಟ್ಟಲ್ಲ," ಎಂದಳು ನರ್ಸಮ್ಮ. "ತಾತ, ನೀವೇ ಒಂದು ಡಬ್ಬಿ ಎತ್ತಿದ್ರೆ ಸಾಕು."

ತಾತ ಡಬ್ಬಿಗಳ ಸಾಲಿನ ಮುಂದೆ ಎರಡು ಸಲ ಓಡಾಡಿದರು. ಕೊನೆಗೆ ಟೊಮೆಟೊ ಗಿಡವನ್ನು ಎತ್ತಿದರು. ನರ್ಸಮ್ಮ ಟಾರ್ಚು ಬಿಟ್ಟಳು. ಕೆಳಗಿನ ಬಕೆಟ್ಟಿನ ನೀರಿನಲ್ಲಿ ಕತ್ತರಿಸಿದ ದಾರದ ತುಂಡುಗಳಂತೆ ಏನೋ ಕಂಡವು. ಬೆಳಕು ಬಿದ್ದೊಡನೆ ಅವು ನುಲಿಯುತ್ತ ತಳಕ್ಕೆ ಇಳಿದವು.

"ಏನಿವು?"

"ಸೊಳ್ಳೆ ಮರಿ. ವಾರ ಹತ್ತು ದಿನಕ್ಕೆ ರೆಕ್ಕೆ ಬರುತ್ತೆ. ಇಷ್ಟು ದಿನ ನೀವು ಅದಕ್ಕೆ ಬಾಣಂತನ ಮಾಡ್ತಿದ್ರಿ."

ಹೇಳಿದ ಮೇಲೆ ಅವಳಿಗೇ ಕೆಡುಕೆನಿಸಿತು. ತಾತ ಗಿಡವನ್ನು ಹಿಡಿದುಕೊಂಡೇ ನಿಂತಿದ್ದರು.

"ಹಾಗಾದ್ರೆ ಅವಳನ್ನ..."

ನರ್ಸಮ್ಮ ಸುಳ್ಳು ಹೇಳಲಿಲ್ಲ. "ಕಚ್ಚಿದ್ದು ಇಲ್ಲಿನ ಸೊಳ್ಳೆನೇ ಅಂತ ಯಾರೂ ಹೇಳೋಕಾಗಲ್ಲ ತಾತ. ಅಲ್ಲ ಅಂತಾನೂ ನಾನು ಹೇಳಲ್ಲ."

"ಪಕ್ಕದವರಿಗೆ ತೊಂದರೆ ಆಗಬಾರದು ಅಂತ ಇಟ್ಟಳಮ್ಮ ಅವಳು."

"ಗೊತ್ತು ತಾತ."

ಆ ಮಧ್ಯಾಹ್ನ ತಾತ ಒಂದೊಂದೇ ಡಬ್ಬಿಯನ್ನು ಹಿತ್ತಲಿಗೆ ಒಯ್ದು, ನೀರನ್ನು ಚರಂಡಿಗೆ ಸುರಿಯದೆ, ಮರಿಗಳು ಒಣಗಿ ಸಾಯಲೆಂದು ಒಣಮಣ್ಣಿನ ಮೇಲೆ ಚೆಲ್ಲಿದರು. ಖಾಲಿ ಡಬ್ಬಿಯ ಗೋಡೆಗೆ ಮಸಿಯ ಪುಡಿಯಂತೆ ಕಪ್ಪು ಚುಕ್ಕೆಗಳು ಅಂಟಿಕೊಂಡಿದ್ದವು. "ಅದೇ ಮೊಟ್ಟೆ," ಎಂದಳು ನರ್ಸಮ್ಮ. "ಒಣಗಿದ್ರೂ ತಿಂಗಳುಗಟ್ಟಲೆ ಸಾಯಲ್ಲ, ನೀರು ಬಿದ್ರೆ ಮತ್ತೆ ಮರಿ. ಬರೀ ಚೆಲ್ಲಿದ್ರೆ ಸಾಲದು, ಬ್ರಷ್ಷಿನಲ್ಲಿ ಉಜ್ಜಬೇಕು."

"ಗಿಡಗಳನ್ನೂ ಎಸೆದುಬಿಡೋಣ್ವಾ?" ಎಂದಳು ಸೊಸೆ.

"ಗಿಡ ಏನು ಪಾಪ ಮಾಡಿದೆ? ಎಣ್ಣೆ ಕ್ಯಾನಲ್ಲಿ ಗಿಡ ಬೆಳೆಸೋದು ಒಳ್ಳೇದೇ. ತೂತಿರೋ ಡಬ್ಬಿ ಇರಲಿ, ಕೆಳಗಿಂದು ಬೇಡ. ಹಿತ್ತಲ ಮಣ್ಣಿನ ಮೇಲೆ ಇಡಿ. ಫಿನಾಯಿಲು, ಕ್ರಿಮಿನಾಶಕ ಇದ್ದ ಡಬ್ಬಿ ಮಾತ್ರ ತೋಟಕ್ಕೆ ತರಲೇಬೇಡಿ."

ಸಂಜೆ ತಾತ ಇಸ್ತ್ರಿ ಅಂಗಡಿಗೆ ಇಳಿದು ಹೋದರು.

"ನಿನ್ನ ಮಗೂಗೆ ಜ್ವರ ನಮ್ಮ ಮನೆಯಿಂದಲೇ ಬಂದಿರಬಹುದಪ್ಪ."

ಇಸ್ತ್ರಿಯವನು ಒಂದೇ ತೋಳನ್ನು ಮೂರು ಸಲ ಇಸ್ತ್ರಿ ಮಾಡಿದ. "ನಾನು ಆವತ್ತು ಆ ಅಂಗಿ ಹಿಡ್ಕೊಂಡು ಮೇಲೆ ಬರಬಾರದಿತ್ತು ತಾತ," ಎಂದ.

"ಅದಿರಲಿ. ಜ್ವರ ಬಿಟ್ಟಿತು ಅಂತ ಮೈಮರೀಬೇಡ. ನಾವು ಕೆಟ್ಟಿದ್ದು ಅಲ್ಲೇ."

ಎರಡು ದಿನಕ್ಕೆ ಮಗುವಿನ ಜ್ವರ ಬಿಟ್ಟಿತು. ಅಂದೇ ಹೊಟ್ಟೆನೋವು ಎಂದು ಮುದುರಿಕೊಂಡಿತು. ಇಸ್ತ್ರಿಯವನು ಕಾಯದೆ ಎತ್ತಿಕೊಂಡು ಆಸ್ಪತ್ರೆಗೆ ಓಡಿದ. ಒಂದು ವಾರದ ಮೇಲೆ ಮಗು ಮನೆಗೆ ಬಂತು. ಕಡ್ಡಿಯಂತಾಗಿತ್ತು, ಆದರೂ ಬಂತು.

ತಾಯಂದಿರೇ, ಅಣ್ಣಂದಿರೇ, ಆಯುಸ್ಸು ಕೊಡುವವನು ದೇವರೇ. ಆದರೆ ಡಬ್ಬಿಯ ನೀರು ಚೆಲ್ಲಲು ಅವನು ಬರುವುದಿಲ್ಲ. ಅದಕ್ಕೆಂದೇ ನಮಗೆ ಕೈ ಕೊಟ್ಟಿದ್ದಾನೆ. ವಾರಕ್ಕೊಂದು ದಿನ ಗೊತ್ತುಮಾಡಿಕೊಳ್ಳಿ. ಅಂದು ಮನೆಯ ಸುತ್ತಲಿನ ಡಬ್ಬಿ, ಬಕೆಟ್ಟು, ತಟ್ಟೆಗಳನ್ನು ಚೆಲ್ಲಿ, ಉಜ್ಜಿ, ಕವುಚಿಡಿ. ಜ್ವರ ಬಂದರೆ ನೋವಿನ ಮಾತ್ರೆಯನ್ನು ನೀವೇ ನುಂಗಬೇಡಿ, ವೈದ್ಯರಲ್ಲಿಗೆ ಹೋಗಿ. ಜ್ವರ ಬಿಟ್ಟ ಎರಡು ದಿನ ಕಣ್ಣಿಟ್ಟು ಕಾಯಿರಿ.

ಇದನ್ನು ಓದಿ ಹೇಳುತ್ತಿರುವವರು ಇಲ್ಲಿಗೆ ನಿಲ್ಲಿಸಲಿ. ಕೇಳುತ್ತಿರುವವರು ಈಗಲೇ ಎದ್ದು ಮನೆಗೆ ಹೋಗಿ, ಒಂದು ಗಿಡವನ್ನು ಎತ್ತಿ ನೋಡಿ.