ಸತ್ತ ದಾರಿಗೆ ಕಳಿಸುವ ಪೆಟ್ಟಿಗೆ

೧

ಎಲ್ಲಿಂದ ಶುರು ಮಾಡಲಿ? "ಒಂದಾನೊಂದು ಕಾಲದಲ್ಲಿ ಒಂದು ಬಗ್ ಇತ್ತು" ಎಂದರೆ ನೀವು ಪುಸ್ತಕ ಮುಚ್ಚಿಬಿಡುತ್ತೀರಿ. ಹಾಗಾಗಿ ಅಕ್ಕನಿಂದ ಶುರು. ಅಕ್ಕ ಹೆರಿಗೆ ಮಾಡಿಸುವ ನರ್ಸ್. ಅವಳ ಕೇಂದ್ರದಲ್ಲಿ ಡಾಕ್ಟರಿಲ್ಲ. ಕಷ್ಟದ ಹೆರಿಗೆಯಾದರೆ ದೂರದ ಡಾಕ್ಟರು ವಿಡಿಯೋದಲ್ಲಿ ನೋಡಿ ಹೇಳಿಕೊಡುತ್ತಾರೆ. ಮೊಬೈಲಿನಲ್ಲಿ ಮಾತು ಬಂದರೆ ಹೆಚ್ಚು, ಚಿತ್ರ ಬರುವುದಿಲ್ಲ. ಅದಕ್ಕೇ ಎರಡು ಇಂಟರ್ನೆಟ್ ಲೈನು. ಒಂದು ಕೈಕೊಟ್ಟರೆ ಇನ್ನೊಂದಕ್ಕೆ ಹೊರಳಿಸುವ ಪೆಟ್ಟಿಗೆಯನ್ನು ನೋಡಿಕೊಳ್ಳುವವಳು ಅವಳ ತಂಗಿ. ಕಥೆ ಅವಳದು.

೨

ಪೆಟ್ಟಿಗೆ ಹೊರಳುತ್ತಿಲ್ಲ. ಲೈನು ಸತ್ತರೂ ಮಾತು, ಚಿತ್ರ ಎಲ್ಲವನ್ನೂ ಅದೇ ದಾರಿಗೆ ಕಳಿಸುತ್ತಾ ಕೂರುತ್ತದೆ. ಹೋದ ತಿಂಗಳು ಹೆರಿಗೆಯ ನಡುವೆ ಡಾಕ್ಟರ ಮುಖ ಬಾಯಿ ತೆರೆದಂತೆಯೇ ನಿಂತುಹೋಯಿತು. ತಾಯಿ ಮಗು ಉಳಿದರು. ಅಕ್ಕ ಮನೆಗೆ ಬಂದು ಅತ್ತಳು.

ಪೆಟ್ಟಿಗೆಯೊಳಗಿನ ಆಪರೇಟಿಂಗ್ ಸಿಸ್ಟಮ್ ಊರೂರಿನವರು ಸೇರಿ ಬಿಟ್ಟಿಯಾಗಿ ಬರೆದದ್ದು. ಅದರಲ್ಲಿ ಬಗ್ ಇದೆ, ಅಂದರೆ ದೋಷವಿದೆ ಎಂದು ತಂಗಿ ರಿಪೋರ್ಟ್ ಹಾಕಿದಳು. ಲೈನು ಹೊರಳಿಸುವ ಭಾಗವನ್ನು ನೋಡಿಕೊಳ್ಳುವವರನ್ನು ಎಲ್ಲರೂ ಮೇಷ್ಟ್ರು ಎನ್ನುತ್ತಾರೆ. ಅವರ ಉತ್ತರ ಬಂತು: "ನನ್ನ ಮಷೀನಲ್ಲಿ ಬರ್ತಿಲ್ಲಮ್ಮ, ನಿಮ್ಮ ಕೇಬಲ್ ನೋಡ್ಕೊಳ್ಳಿ." ರಿಪೋರ್ಟ್ ಕ್ಲೋಸ್.

೪

(ಮೂರರಲ್ಲಿ ತಂಗಿಗೂ ಮೇಷ್ಟ್ರಿಗೂ ಭರ್ಜರಿ ಜಗಳ ಬರೆದಿದ್ದೆ. ತಂಗಿ ಹರಿದು ಹಾಕಿಸಿದಳು.)

"ಅವರನ್ನ ಕೆಟ್ಟವರು ಮಾಡ್ಬೇಡಿ. ಕಾರಣ ಹುಡುಕಿ," ಎಂದಳು.

"ನೀನೇ ಹುಡುಕು. ದಾರಿ ಹೊರಳಿಸೋ ಈ ರೌಟಿಂಗ್‌ನ ತಲೆಬುಡ ನನಗೆ ಗೊತ್ತಿಲ್ಲ," ಎಂದೆ.

ಅವಳು ಮೇಷ್ಟ್ರಿಗೇ ಫೋನ್ ಮಾಡಿದಳು. "ಸರ್, ನಿಮ್ಮ ಮಷೀನ್ ಯಾವಾಗ್ಲೂ ಆನ್ ಇರುತ್ತಾ?"

"ಎಲ್ಲಿ ಬಂತಮ್ಮ! ನಮ್ಮಮ್ಮ ಅದೇ ರೂಮಲ್ಲಿ ಮಲಗೋದು. ಅದರ ಫ್ಯಾನ್ ಸದ್ದಿಗೆ ನಿದ್ದೆ ಬರಲ್ಲ ಅಂತ ದಿನಾ ಆಫ್ ಮಾಡ್ತೀನಿ."

ಹೇಳುತ್ತಲೇ ಅವರಿಗೇ ಹೊಳೆಯಿತು. ಲೈನು ಹಲವು ಸಲ ಹೋಗಿ ಬಂದ ಮೇಲಷ್ಟೇ ಬರುವ ಬಗ್ ಅದು. ದಿನಾ ಹೊಸದಾಗಿ ಏಳುವ ಮಷೀನಿಗೆ ಹಳೆಯ ದಾರಿಗಳ ನೆನಪೇ ಇರುವುದಿಲ್ಲ. ಹೆರಿಗೆ ಕೇಂದ್ರದ ಪೆಟ್ಟಿಗೆಯನ್ನು ಯಾರೂ ಆಫ್ ಮಾಡುವುದಿಲ್ಲ.

ಮೇಷ್ಟ್ರು ಮಷೀನನ್ನು ಅಡುಗೆಮನೆಗೆ ಸಾಗಿಸಿದರು. ವಾರದೊಳಗೆ ಬಗ್ ಸಿಕ್ಕಿತು. "ತಪ್ಪು ನಂದೇ ಕಣಮ್ಮ," ಎಂದು ತಿದ್ದಿ ಕಳಿಸಿದರು.

೫

ಮುಕ್ತಾಯ ಒಂದು: ತಂಗಿ ತಿದ್ದುಪಡಿ ಹಾಕಿದಳು, ಎಲ್ಲ ಸರಿಹೋಯಿತು.

"ಸುಳ್ಳು," ಎಂದಳು ತಂಗಿ. ತಿದ್ದುಪಡಿ ಹಾಕಲು ಪೆಟ್ಟಿಗೆಯನ್ನು ಒಮ್ಮೆ ಆಫ್ ಮಾಡಲೇಬೇಕು. ಈಗ ಅಕ್ಕನ ಮುಂದೆ ಒಬ್ಬಳು ನೋವು ತಿನ್ನುತ್ತಿದ್ದಾಳೆ, ಮಗುವಿನ ಕಾಲು ಮೊದಲು ಬಂದಿದೆ, ಡಾಕ್ಟರು ಪರದೆಯ ಮೇಲಿದ್ದಾರೆ. ಆಫ್ ಮಾಡಿದರೆ ಡಾಕ್ಟರು ಹೋಗುತ್ತಾರೆ. ಮಾಡದಿದ್ದರೆ, ಲೈನು ಕೈಕೊಟ್ಟ ಗಳಿಗೆಯಲ್ಲಿ ಹೋಗುತ್ತಾರೆ.

ಮುಕ್ತಾಯ ಎರಡು: "ಲೈನು ಕೈಕೊಡಲಿಲ್ಲ ಅಂತ ಬರೆದುಬಿಡಲಾ?"

"ಬರೆದು ನೀವು ಮನೆಗೆ ಹೋಗ್ತೀರಿ. ಅಕ್ಕ ಎಲ್ಲಿಗೆ ಹೋಗ್ಬೇಕು?"

ಆ ಸಾಲು ಹೊಡೆದುಹಾಕಿದೆ. ನಾಚಿಕೆಯಾಯಿತು.

ಫೋನಿನಲ್ಲಿ ಅಕ್ಕನ ದನಿ: "ಇನ್ನೂ ಆಗಿಲ್ಲ ಕಣೇ. ಮುಟ್ಬೇಡ."

ತಂಗಿ ಮುಟ್ಟಿಲ್ಲ. ಅವಳ ಬೆರಳು ಎಂಟರ್ ಕೀಲಿಯಿಂದ ತುಸು ಮೇಲಿದೆ, ನನ್ನದೂ ಹಾಗೆಯೇ. ಓದುಗರೇ, ತುರ್ತು ಕೆಲಸವಿದ್ದರೆ ನೀವು ಎದ್ದು ಹೋಗಬಹುದು. ಆದರೆ ಮುಗಿಸು ಎಂದು ನನ್ನನ್ನು ಕೇಳಬೇಡಿ. ಆ ಕಡೆ ಮಗು ಅಳುವ ಸದ್ದು ಇನ್ನೂ ಕೇಳಿಲ್ಲ, ನಮಗಿಬ್ಬರಿಗೂ ಭಯವಾಗುತ್ತಿದೆ, ಮತ್ತು