ಅಜ್ಜಿಯ ಆಮೆನ್

ವ್ಯಾನಿನ ಎಂಜಿನ್ ಗುರುಗುಡುತ್ತಿತ್ತು, ಮುಂದಿನ ಸೀಟಿನಲ್ಲಿ ಪ್ರಾರ್ಥಿಸುತ್ತಿದ್ದ ಅಜ್ಜಿ ಇನ್ನೂ ಆಮೆನ್ ಅಂದಿರಲಿಲ್ಲ. ಬೇಕರಿಯವನು ಸ್ಟೇರಿಂಗ್ ಹಿಡಿದು ಒಂದು ಕಣ್ಣು ಮುಚ್ಚಿ, ಇನ್ನೊಂದರಲ್ಲಿ ಗಡಿಯಾರ ನೋಡುತ್ತಿದ್ದ. ಅವನ ತಾಯಿಯ ಆಮೆನ್ ಕೇಳದೆ ಆ ಮನೆಯ ಗಾಡಿ ಹೊರಡುವಂತಿಲ್ಲ, ನಡುವೆ ಬಾಯಿ ಹಾಕುವಂತೆಯೂ ಇಲ್ಲ. ಆಕೆಯೋ ಕರ್ತನ ಮುಂದೆ ಊರನ್ನೆಲ್ಲ ಹಾಜರುಪಡಿಸಿಯೇ ಬಿಡುವವಳು: ನೆಗಡಿಯಾದ ಪಕ್ಕದ ಮನೆಯವಳು, ಕೆಲಸ ಸಿಗದ ಅವಳ ಅಳಿಯ, ಆ ಅಳಿಯನ ಸೊಂಟನೋವು.

ಹಿಂದಿನ ಸೀಟಿನಲ್ಲಿ ಮಗಳು ಮನೆಯಿಂದಲೇ ಗ್ಲೌಸ್ ತೊಟ್ಟು ಕೂತಿದ್ದಳು. ಚೆಂಡನ್ನು ಗೋಲಿನೊಳಗೆ ಬಿಡದವಳೆಂದು ಫುಟ್‌ಬಾಲ್ ತಂಡದವರು ಅವಳನ್ನು ‘ಗೋಡೆ’ ಎಂದೇ ಕರೆಯುತ್ತಿದ್ದರು. ಇವತ್ತು ಫೈನಲ್, ಚೆನ್ನಾಗಿ ಆಡಿದರೆ ದೊಡ್ಡ ತಂಡಕ್ಕೆ ಆಯ್ಕೆ. ಅಪ್ಪ ವಾರವಿಡೀ ಇದನ್ನೇ ಹೇಳಿ ಗಿರಾಕಿಗಳ ತಲೆ ತಿಂದಿದ್ದ.

ಕೊನೆಗೂ ಆಮೆನ್ ಬಂತು. ವ್ಯಾನು ಓಡಿತು, ಆದರೆ ರೈಲ್ವೆ ಗೇಟು ಅವರ ಮೂಗಿನ ಮುಂದೆಯೇ ಬಿತ್ತು. ಗೂಡ್ಸ್ ಗಾಡಿ ಮುಗಿಯುವ ಲಕ್ಷಣವೇ ಇರಲಿಲ್ಲ.

“ಊರಿನ ನೆಗಡೀನೆಲ್ಲ ಇವತ್ತೇ ವಾಸಿ ಮಾಡಿಸ್ಬೇಕಿತ್ತಾ, ಅಮ್ಮಾ?”

ಅಜ್ಜಿ ಕರ್ಚೀಫನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದಳು.

ಮೈದಾನ ಮುಟ್ಟುವಷ್ಟರಲ್ಲಿ ಆಟ ಶುರುವಾಗಿಹೋಗಿತ್ತು. ಗೋಲಿನಲ್ಲಿ ಬೇರೆ ಹುಡುಗಿ ನಿಂತಿದ್ದಳು. ತಡವಾಗಿ ಬಂದವರನ್ನು ಇಳಿಸುವುದಿಲ್ಲವೆಂದು ಕೋಚ್ ಖಡಾಖಂಡಿತವಾಗಿ ಹೇಳಿಬಿಟ್ಟ. ಬೇಕರಿಯವನು ಬೇಲಿಗೆ ಒರಗಿ ನಿಂತ. ದೇವರ ಹತ್ತಿರ ಇದೊಂದನ್ನು ಬಿಟ್ಟು ತಾನು ಬೇರೇನೂ ಕೇಳಿರಲಿಲ್ಲವಲ್ಲ ಎಂದು ಅವನಿಗೆ ಸಿಟ್ಟು ಬಂತು, ಅಳುವೂ ಬಂತು.

ಮಗಳು ಪಕ್ಕಕ್ಕೆ ಬಂದು ಬಲಗೈ ಚಾಚಿದಳು. “ಇದನ್ನ ಬಿಚ್ಚಿಕೊಡಪ್ಪ. ನನ್ನ ಕೈಲಿ ಆಗ್ತಿಲ್ಲ.”

ಗ್ಲೌಸಿನೊಳಗಿನ ಮಣಿಕಟ್ಟು ಹುದುಗು ಬಂದ ಹಿಟ್ಟಿನಂತೆ ಊದಿಕೊಂಡಿತ್ತು. ಮೊನ್ನೆ ಪ್ರಾಕ್ಟೀಸಿನಲ್ಲಿ ಬಿದ್ದಿದ್ದಳಂತೆ. ಅಪ್ಪನ ಸಡಗರ ನೋಡಿ ಹೇಳಲು ಬಾಯಿ ಬಂದಿರಲಿಲ್ಲ.

ಎಲುಬು ಸಣ್ಣಗೆ ಬಿರುಕು ಬಿಟ್ಟಿದೆ ಎಂದರು ಆಸ್ಪತ್ರೆಯ ಡಾಕ್ಟರು. ಒಂದು ಜೋರಾದ ಚೆಂಡು ಬಡಿದಿದ್ದರೂ ಆಪರೇಷನ್ನೇ ಆಗಬೇಕಿತ್ತು. ಈಗ ಪಟ್ಟಿ ಕಟ್ಟಿದರೆ ಸಾಕು, ಮತ್ತೆ ಆಡಬಹುದು. ಬೇಕರಿಯವನು ಹೊರಗಿನ ಬೆಂಚಿನ ಮೇಲೆ ಕುಸಿದು ಕೂತ. ಎದೆಯ ಮೇಲಿನ ಭಾರ ಇಳಿದು, ಉಸಿರು ಸಲೀಸಾಗಿ ಆಡತೊಡಗಿತು.

“ಅಜ್ಜೀನ ಬೈಬೇಡಪ್ಪ,” ಎಂದಳು ಮಗಳು ಮೆಲ್ಲಗೆ. “ಅವರು ಪ್ರಾರ್ಥನೆ ಮಾಡ್ತಿದ್ದಾಗ, ಅದು ಮುಗೀದೇ ಇರ್ಲಿ ಅಂತ ನಾನೂ ಪ್ರಾರ್ಥನೆ ಮಾಡ್ತಿದ್ದೆ.”

ಅಂದು ಊಟದ ಮೇಜಿನ ಮುಂದೆ ಅಜ್ಜಿ ಒಂದೇ ಮಾತಿನಲ್ಲಿ ಸ್ತೋತ್ರ ಹೇಳಿ, ಗಡಬಡಿಸಿ ಆಮೆನ್ ಅಂದುಬಿಟ್ಟಳು. ಮಗನ ಕೈ ತಟ್ಟೆಗೆ ಹೋಗಲಿಲ್ಲ.

“ಅಮ್ಮಾ, ಆ ರೈಲ್ವೆ ಗೇಟಿನವನನ್ನ ಬಿಟ್ಬಿಟ್ಟೆಯಲ್ಲ.”

ಅಜ್ಜಿ ಅವನ ಮುಖವನ್ನೇ ನೋಡಿದಳು. ಆಮೇಲೆ ಕಣ್ಣು ಮುಚ್ಚಿ ಮೊದಲಿನಿಂದ ಶುರುಮಾಡಿದಳು. ಬಟ್ಟಲುಗಳಲ್ಲಿ ಸೂಪು ಆರುತ್ತಾ ಹೋಯಿತು.